ಹಗ್ಗ, ಸರಪಣಿ, ಬೆಲ್ಟು

ಮನೆಯಲ್ಲಿ ಕಾರು ಇರುವವರು ಅದರ ಬಣ್ಣವನ್ನು ನೋಡಿಕೊಳ್ಳುತ್ತಾರೆ; ಟಯರಿನ ಗಾಳಿಯನ್ನು ನೋಡಿಕೊಳ್ಳುತ್ತಾರೆ; ಎಣ್ಣೆ ಎಷ್ಟಿದೆಯೆಂದು ಕಡ್ಡಿ ಅದ್ದಿ ನೋಡುತ್ತಾರೆ. ಆದರೆ ಎಂಜಿನ್ನಿನ ಒಂದು ಬದಿಯಲ್ಲಿ, ಮುಚ್ಚಳವೊಂದರ ಮರೆಯಲ್ಲಿ, ಹಲ್ಲುಳ್ಳ ರಬ್ಬರು ಪಟ್ಟಿಯೊಂದು ಸುತ್ತುತ್ತಿರುತ್ತದೆಂಬುದು ಎಷ್ಟು ಮಂದಿ ಯಜಮಾನರಿಗೆ ತಿಳಿದಿದೆ? ಅದಕ್ಕೆ ಟೈಮಿಂಗ್ ಬೆಲ್ಟು ಎಂದು ಹೆಸರು. ಅದು ಚೆನ್ನಾಗಿರುವವರೆಗೆ ಅದರ ನೆನಪೇ ಬಾರದು. ಅದು ಹರಿದ ದಿನ ಎಂಜಿನ್ನು ಒಮ್ಮೆಗೇ ನಿಂತುಬಿಡುತ್ತದೆ; ಎಷ್ಟೋ ಎಂಜಿನ್ನುಗಳಲ್ಲಿ ಒಳಗಿನ ಭಾಗಗಳೂ ಮುರಿದು, ಬೆಲ್ಟಿನ ಬೆಲೆಯ ಹತ್ತಾರು ಪಟ್ಟು ಹಣ ತೆರಬೇಕಾಗುತ್ತದೆ.

ಅದನ್ನು ಯಾವಾಗ ಬದಲಿಸಬೇಕು ಎಂಬುದು ಮೇಲ್ನೋಟಕ್ಕೆ ಗ್ಯಾರೇಜಿನ ಪ್ರಶ್ನೆ. ನಿಜವಾಗಿ ಅದು ಬಹು ಹಳೆಯ ಪ್ರಶ್ನೆ. ಸವೆಯುವ ವಸ್ತುವನ್ನು ಯಾವ ಹೊತ್ತಿಗೆ ಬಿಡಬೇಕು, ಇನ್ನೂ ಗಟ್ಟಿಯಾಗಿ ಕಾಣುವುದನ್ನು ಕೈಯಾರೆ ಎಸೆಯುವುದು ಜಾಣತನವೋ ದುಂದುಗಾರಿಕೆಯೋ ಎಂದು ನಮ್ಮ ಹಿರಿಯರೂ ಯೋಚಿಸಿದ್ದುಂಟು. ಆ ಯೋಚನೆಯ ಚರಿತ್ರೆಯನ್ನು ಹೇಳಲು ಕರಾವಳಿಯ ಹೆದ್ದಾರಿಯ ಬದಿಯಲ್ಲಿರುವ ಕುಂಭಾಶಿಯಿಂದ ಹೊರಡುವುದು ಅನುಕೂಲ.

ಕುಂಭಾಶಿ ಕುಂದಾಪುರದಿಂದ ದಕ್ಷಿಣಕ್ಕೆ ಸುಮಾರು ೯ ಕಿಲೋಮೀಟರು, ಉಡುಪಿಯಿಂದ ಉತ್ತರಕ್ಕೆ ಸುಮಾರು ೩೦ ಕಿಲೋಮೀಟರು. ಉಡುಪಿ, ಸುಬ್ರಹ್ಮಣ್ಯ, ಕೋಟೇಶ್ವರ, ಶಂಕರನಾರಾಯಣ, ಕೊಲ್ಲೂರು, ಗೋಕರ್ಣಗಳ ಜತೆಗೆ ಪರಶುರಾಮ ಸೃಷ್ಟಿಯ ಏಳು ಕ್ಷೇತ್ರಗಳಲ್ಲಿ ಒಂದೆಂದು ಅದಕ್ಕೆ ಪ್ರಸಿದ್ಧಿ. ಗಣಪತಿ ಅನುಗ್ರಹಿಸಿದ ಕತ್ತಿಯಿಂದ ಭೀಮಸೇನನು ಕುಂಭಾಸುರನನ್ನು ಕೊಂದನೆಂಬುದು ಸ್ಥಳಪುರಾಣ. ಗುಡ್ಡೆಯ ಮೇಲೆ ಆನೆಗುಡ್ಡೆಯ ವಿನಾಯಕ. ಕೆಳಗೆ ಹಿಂದೆ ೧೭ ಎಂಬ ಸಂಖ್ಯೆಯಿದ್ದು, ೨೦೧೦ರಿಂದ ೬೬ ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ. ಹೊಸ ವಾಹನ ಕೊಂಡವರು ವಿಘ್ನನಿವಾರಕನ ಮುಂದೆ ಅದನ್ನು ನಿಲ್ಲಿಸಿ, ಹೂಮಾಲೆ ಹಾಕಿ, ಚಕ್ರದಡಿಗೆ ಲಿಂಬೆಹಣ್ಣು ಇಟ್ಟು ಪೂಜೆ ಮಾಡಿಸುವುದು ನಮ್ಮ ಕಡೆಯ ವಾಡಿಕೆ. ವಾಹನವು ಎಲ್ಲ ಬಗೆಯಿಂದಲೂ ಹೊಸದಾಗಿರುವ ದಿನ ಅದು. ಮುಂದಿನ ವರ್ಷಗಳಲ್ಲಿ ಅದರ ಯಾವ ಅಂಗ ಯಾವಾಗ ಮುದಿಯಾಗುತ್ತದೆಂಬ ಲೆಕ್ಕ ಅಂದೇ ಆರಂಭವಾಗುತ್ತದೆ.

ಈ ಲೆಕ್ಕವನ್ನು ನಮ್ಮ ಊರುಗಳು ಮೋಟಾರು ಬರುವ ಮುಂಚೆಯೇ ಬಲ್ಲವು. ಬಾವಿಯ ಹಗ್ಗವನ್ನೇ ತೆಗೆದುಕೊಳ್ಳಿ. ತೆಂಗಿನ ನಾರಿನ ಹಗ್ಗ ಒಮ್ಮೆಗೇ ಕಡಿಯುವುದಿಲ್ಲ. ರಾಟೆ ಉಜ್ಜುವ ಕಡೆ ಮೊದಲು ನಾರು ಏಳುತ್ತದೆ. ಆ ಮೇಲೆ ಒಂದು ಎಳೆ ಬಿಡುತ್ತದೆ. ನೀರು ಸೇದುವವರ ಅಂಗೈಗೆ ಅದು ಚುಚ್ಚುತ್ತದೆ. ಕೊಡಪಾನ ಬಾವಿಗೆ ಬೀಳುವ ಮುನ್ನ ಹಗ್ಗವು ಹಲವು ದಿನ ಎಚ್ಚರಿಕೆ ಕೊಡುತ್ತದೆ. ಆದುದರಿಂದ ಹಗ್ಗವನ್ನು ನೋಡಿ ಬದಲಿಸುವುದೇ ಸರಿ. ದಿನ ಗೊತ್ತುಮಾಡಿ ಬದಲಿಸಿದರೆ ಒಳ್ಳೆಯ ಹಗ್ಗ ವ್ಯರ್ಥ.

ಮಾಡಿನ ಹೊದಿಕೆಯ ಮಾತು ಬೇರೆ. ಮುಳಿಹುಲ್ಲಿನ ಅಥವಾ ಸೋಗೆಯ ಮಾಡಿದ್ದ ಕಾಲದಲ್ಲಿ, ಸೋರಲು ತೊಡಗಿದ ಮೇಲೆ ಹೊದಿಸೋಣವೆಂದು ಯಾರೂ ಕಾಯುತ್ತಿರಲಿಲ್ಲ. ಆಷಾಢದ ಮಳೆಯಲ್ಲಿ ಮಾಡು ಹತ್ತುವುದು ಸಾಧ್ಯವಿಲ್ಲ. ಒಣಹುಲ್ಲು ಸಿಕ್ಕುವುದೂ ಇಲ್ಲ. ಹಳೆಯ ಹುಲ್ಲು ಇನ್ನೊಂದು ತಿಂಗಳು ಬಾಳುವಂತೆ ಕಂಡರೂ ಮಳೆಗಾಲದ ಮೊದಲೇ ಹೊಸ ಹುಲ್ಲು ಏರಲೇಬೇಕು. ಇಲ್ಲಿ ತೀರ್ಮಾನ ಕಣ್ಣಿನದಲ್ಲ, ಪಂಚಾಂಗದ್ದು. ಇಂದಿಗೂ ಜೂನ್ ೧ರಿಂದ ಜುಲೈ ೩೧ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ೬೧ ದಿನಗಳಲ್ಲಿ ಗಂಗೊಳ್ಳಿಯಂಥ ಬಂದರುಗಳಲ್ಲಿ ದೋಣಿಗಳ ಎಂಜಿನ್ನು ಬಿಚ್ಚುತ್ತಾರೆ, ಬಲೆ ಹೆಣೆಯುತ್ತಾರೆ. ಮೀನಿನ ಸಂತಾನ ಬೆಳೆಯಲೆಂದು ಮಾಡಿದ ನಿಯಮ ಅದು. ಆದರೆ ದೋಣಿಗೂ ಅದೇ ದುರಸ್ತಿಯ ಋತು. ನಡುಗಡಲಿನಲ್ಲಿ ಎಂಜಿನ್ನು ಕೆಟ್ಟರೆ ಬೆನ್ನು ತಟ್ಟಿ ತಳ್ಳುವವರು ಯಾರೂ ಸಿಗಲಾರರು.

ಇದಕ್ಕಿಂತಲೂ ಸೂಕ್ಷ್ಮವಾದ ಉದಾಹರಣೆ ದೇವಾಲಯಗಳಲ್ಲಿದೆ. ನಮ್ಮ ಕರಾವಳಿಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅಷ್ಟಬಂಧ ಬ್ರಹ್ಮಕಲಶವನ್ನು ನಡೆಸುವ ಸಂಪ್ರದಾಯವನ್ನು ನೀವು ಕಂಡಿದ್ದೀರಿ. ಅರಗು, ಜೇನುಮೇಣ, ಬೆಣ್ಣೆ ಮೊದಲಾದ ಎಂಟು ದ್ರವ್ಯಗಳನ್ನು ಕುಟ್ಟಿ ಹದಮಾಡಿದ ಅಂಟೇ ಅಷ್ಟಬಂಧ. ವಿಗ್ರಹವನ್ನು ಪೀಠದಲ್ಲಿ ಅಲುಗದಂತೆ ಹಿಡಿದು ನಿಲ್ಲಿಸುವುದು ಅದು. ಆ ಅಂಟು ಒಳಗೆ ಎಷ್ಟು ಗಟ್ಟಿಯಿದೆ, ಎಲ್ಲಿ ಬಿರುಕುಬಿಟ್ಟಿದೆ ಎಂದು ದಿನವೂ ಇಣುಕಿ ನೋಡುವಂತಿಲ್ಲ, ನೋಡಬೇಕಾದರೆ ಬಿಚ್ಚಬೇಕು, ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು. ಆದುದರಿಂದ ಹಿಂದಿನವರು ಒಂದು ಅವಧಿಯನ್ನು ಕಟ್ಟಿಟ್ಟರು. ಇದರ ಧಾರ್ಮಿಕ ಅರ್ಥವನ್ನು ಬಲ್ಲವರು ಹೇಳಲಿ. ಅದರೊಳಗಿನ ಲೋಕಜ್ಞಾನವನ್ನಷ್ಟೇ ಇಲ್ಲಿ ಗಮನಿಸೋಣ. ಕಣ್ಣಿಗೆ ಕಾಣದುದನ್ನು, ಕೆಟ್ಟರೆ ದೊಡ್ಡ ಅನರ್ಥವಾಗುವುದನ್ನು, ಕೆಡುವ ಮುನ್ನವೇ ಲೆಕ್ಕವಿಟ್ಟು ಬದಲಿಸಬೇಕು ಎಂಬುದೇ ಆ ಜ್ಞಾನ. ಟೈಮಿಂಗ್ ಬೆಲ್ಟಿನ ತತ್ವವೂ ಅಕ್ಷರಶಃ ಇದೇ.

ಹಾಗಾದರೆ ಮೋಟಾರು ನಮ್ಮ ಕಡೆಗೆ ಬಂದಾಗ ಈ ತತ್ವವನ್ನೂ ಜತೆಗೆ ತಂದಿತೇ? ಇಲ್ಲ. ಮೋಟಾರಿನ ಮೊದಲ ಎಪ್ಪತ್ತು ವರ್ಷ ನಮ್ಮ ಕರಾವಳಿಯ ಜನ ಅದನ್ನು ಕಿವಿಯಿಂದಲೇ ಸಾಕಿದರು.

ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಎಂದರೆ ಜನರ ಬಾಯಲ್ಲಿ ಸಿ.ಪಿ.ಸಿ., ಹುಟ್ಟಿದ್ದು ೧೯೧೪ರಲ್ಲಿ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯದಲ್ಲಿತ್ತು, ಕುಂದಾಪುರವೂ ಅದರೊಳಗೆ. ಮಂಗಳೂರಿನಿಂದ ಕುಂದಾಪುರಕ್ಕೆ ಬರುವ ದಾರಿಯೆಂದರೆ ಹೊಳೆಗಳ ಸಾಲು. ಕೂಳೂರು, ಮೂಲ್ಕಿ, ಉದ್ಯಾವರ, ಕಲ್ಯಾಣಪುರ, ಮಾಬುಕಳ, ಹೀಗೆ ಒಂದರ ಹಿಂದೆ ಒಂದು. ಸೇತುವೆಗಳಾಗುವ ಮೊದಲು ಹೊಳೆಯ ಬಳಿ ಇಳಿದು, ಕಡವಿನ ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಮತ್ತೊಂದು ಬಸ್ಸು ಹತ್ತಬೇಕಿತ್ತು. ಎರಡು ಹೊಳೆಗಳ ನಡುವೆ ಸಿಕ್ಕಿಕೊಂಡ ಬಸ್ಸು ಕೆಟ್ಟರೆ, ಅದನ್ನು ಸರಿಮಾಡಬೇಕಾದವನು ಅದರ ಡ್ರೈವರನೇ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸಿನ ಹಿಂಭಾಗಕ್ಕೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಿಂದ ಎಂಜಿನ್ನು ಓಡಿಸಿದ ಕಾಲವೂ ಇತ್ತು. ಹೊರಗಿನಿಂದ ಬಿಡಿಭಾಗಗಳು ಬರುವುದು ದುಸ್ತರವಾಗಿದ್ದ ಆ ದಿನಗಳಲ್ಲೇ, ೧೯೪೩ರಲ್ಲಿ, ಮಂಗಳೂರಿನಲ್ಲಿ ಕೆನರಾ ವರ್ಕ್‌ಷಾಪ್ಸ್ ಎಂಬ ಸಂಸ್ಥೆ ಹುಟ್ಟಿತು; ಮುಂದೆ ಮೋಟಾರು ವಾಹನಗಳ ಎಲೆಸ್ಪ್ರಿಂಗು ತಯಾರಿಸುವುದಕ್ಕೆ ಹೆಸರಾಯಿತು.

ಎಲೆಸ್ಪ್ರಿಂಗಿನ ಸ್ವಭಾವವನ್ನು ನೋಡಿ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಲ್ಲಿ ಒಂದು ಮುರಿದರೆ ಬಸ್ಸು ಒಂದು ಬದಿಗೆ ವಾಲುತ್ತದೆ. ಉಳಿದವು ಹೇಗೋ ಭಾರ ಹೊತ್ತು ಊರು ಮುಟ್ಟಿಸುತ್ತವೆ. ಅದೂ ಹಗ್ಗದ ಜಾತಿಯದೇ. ಅಂದಿನ ಮೋಟಾರಿನ ಬಹುಭಾಗ ಹೀಗೆಯೇ ಇತ್ತು. ಬೇರಿಂಗು ಹೋಗುವ ಮುನ್ನ ಗೊರಗುಟ್ಟುತ್ತಿತ್ತು. ಬ್ರೇಕು ಸವೆದರೆ ಕೀರಲುದನಿ ತೆಗೆಯುತ್ತಿತ್ತು. ಒಳ್ಳೆಯ ಡ್ರೈವರನೆಂದರೆ ಒಳ್ಳೆಯ ಕಿವಿಯುಳ್ಳವನು. ಹಿಂದಿನ ಸೀಟಿನಲ್ಲಿ ಮಾತು ನಡೆಯುತ್ತಿದ್ದರೂ ಅವನ ಒಂದು ಕಿವಿ ಎಂಜಿನ್ನಿನ ಮೇಲೆಯೇ ಇರುತ್ತಿತ್ತು.

ಈಗ ಆ ಎಂಜಿನ್ನಿನ ಒಳಗೆ ಸ್ವಲ್ಪ ಇಣುಕೋಣ. ಹೆದರಬೇಡಿ, ಒಂದು ಒರಳು ಮತ್ತು ಎರಡು ಒನಕೆ ಇದ್ದರೆ ಇದು ತಿಳಿಯುತ್ತದೆ. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಅಕ್ಕಿ ಮೆರಿಯುವುದನ್ನು ಹಳಬರು ಕಂಡಿದ್ದಾರೆ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯುತ್ತದೆ. ಒರಳಿನ ಬಾಯಿ ಒಂದೇ. ಇಬ್ಬರೂ ಅದನ್ನು ಸರದಿಯಿಂದ ಬಳಸುತ್ತಾರೆ. ಲಯ ತಪ್ಪಿದರೆ ಒನಕೆಗೆ ಒನಕೆ ಬಡಿದು ಕೈಗೆ ಪೆಟ್ಟು. ಎಂಜಿನ್ನಿನ ಸಿಲಿಂಡರು ಅಂಥ ಒಂದು ಒರಳು. ಕೆಳಗಿನಿಂದ ಪಿಸ್ಟನ್ನು ಏರಿಳಿಯುತ್ತದೆ. ಮೇಲಿನಿಂದ ಗಾಳಿಯನ್ನು ಒಳಬಿಡುವ, ಹೊಗೆಯನ್ನು ಹೊರಬಿಡುವ ಕವಾಟಗಳು ಇಳಿದು ಏರುತ್ತವೆ. ೧೮೭೬ರಲ್ಲಿ ಜರ್ಮನಿಯ ನಿಕೊಲಾಸ್ ಓಟ್ಟೊ ನಾಲ್ಕು ಹೊಡೆತದ ಎಂಜಿನ್ನನ್ನು ಮಾಡಿದಂದಿನಿಂದ ಒಂದು ನಿಯಮ ಬದಲಾಗಿಲ್ಲ. ಕೆಳಗಿನ ದಂಡ ಎರಡು ಸುತ್ತು ಸುತ್ತಿದಾಗ ಕವಾಟಗಳನ್ನು ಆಡಿಸುವ ದಂಡ ಒಂದು ಸುತ್ತು ಸುತ್ತಬೇಕು, ಎಂದೆಂದಿಗೂ ಹೆಚ್ಚುಕಡಿಮೆಯಾಗಬಾರದು. ಈ ತಾಳವನ್ನು ಕಾಯುವ ಕೊಂಡಿಯೇ ನಮ್ಮ ಪ್ರಕೃತ ವಿಷಯ.

ಮೊದಮೊದಲು ಆ ಕೊಂಡಿ ಹಲ್ಲುಗಾಲಿಯಾಗಿತ್ತು. ಆ ಮೇಲೆ ಕಾರುಗಳಲ್ಲಿ ಸರಪಣಿ ಬಂದಿತು. ೧೯೫೦ರ ದಶಕದ ಕೊನೆಯಿಂದ ೨೦೧೪ರ ವರೆಗೆ ತಯಾರಾದ ಅಂಬಾಸಡರ್ ಕಾರನ್ನು ನೆನೆಯಿರಿ. ಕರಾವಳಿಯ ಪೇಟೆಗಳ ಟ್ಯಾಕ್ಸಿ ನಿಲ್ದಾಣಗಳಲ್ಲಿ ಸಾಲಾಗಿ ನಿಂತಿರುತ್ತಿದ್ದ ಕಾರು ಅದು. ಅದರ ಬಹುಕಾಲದ ಎಂಜಿನ್ನಿನಲ್ಲಿ ಇದ್ದದ್ದು ಸರಪಣಿ. ಫಿಯೆಟ್ಟಿನಿಂದ ಬೆಳೆದ ಪ್ರೀಮಿಯರ್ ಪದ್ಮಿನಿಯಲ್ಲಿಯೂ ಸರಪಣಿಯೇ. ಸರಪಣಿ ಎಣ್ಣೆಯಲ್ಲಿ ಮಿಂದು ಓಡುತ್ತದೆ, ಸವೆದಂತೆ ಉದ್ದವಾಗುತ್ತದೆ, ಉದ್ದವಾದಂತೆ ಸಡಿಲವಾಗಿ ಗಲಗಲ ಸದ್ದು ಮಾಡುತ್ತದೆ. ಮುಂಜಾನೆ ತಣ್ಣಗಿರುವ ಎಂಜಿನ್ನನ್ನು ಎಬ್ಬಿಸಿದಾಗ ಆ ಸದ್ದು ಇನ್ನೂ ಸ್ಪಷ್ಟ. ಹಗ್ಗ ಕೈಗೆ ಹೇಳಿದುದನ್ನು ಸರಪಣಿ ಕಿವಿಗೆ ಹೇಳುತ್ತಿತ್ತು. ಸದ್ದು ಕೇಳಿದ ಮೇಲೆ ಮೆಕ್ಯಾನಿಕನ ಬಳಿಗೆ ಹೋದರೂ ಸಾಮಾನ್ಯವಾಗಿ ಕಾಲ ಮಿಂಚಿರುತ್ತಿರಲಿಲ್ಲ.

ರಬ್ಬರು ಬೆಲ್ಟಿನ ಹುಟ್ಟು ಮೋಟಾರಿನಲ್ಲಿ ಆದುದಲ್ಲ, ಹೊಲಿಗೆಯ ಯಂತ್ರದಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. ೧೯೪೦ರ ದಶಕದಲ್ಲಿ ಅಮೆರಿಕದಲ್ಲಿ ಸಿಂಗರ್ ಹೊಲಿಗೆಯಂತ್ರದ ಸೂಜಿಯನ್ನೂ ಬಾಬಿನ್ನನ್ನೂ ಒಂದೇ ತಾಳಕ್ಕೆ ನಡೆಸಲು, ಗಿಲ್ಮರ್ ಎಂಬ ಕಂಪೆನಿಯಲ್ಲಿ ರಿಚರ್ಡ್ ಕೇಸ್ ಎಂಬಾತ ಹಲ್ಲುಳ್ಳ ಬೆಲ್ಟನ್ನು ರೂಪಿಸಿದ. ಸಾಮಾನ್ಯ ಬೆಲ್ಟು ಗಾಲಿಯ ಮೇಲೆ ಜಾರಬಹುದು. ಹಲ್ಲಿನ ಬೆಲ್ಟು ಜಾರುವಂತಿಲ್ಲ. ೧೯೫೦ರ ದಶಕದಲ್ಲಿ ಅದನ್ನು ರೇಸಿನ ಕಾರುಗಳಲ್ಲಿ ಪರೀಕ್ಷಿಸಿ ನೋಡಿದರು. ೧೯೬೨ರಲ್ಲಿ ಜರ್ಮನಿಯ ಬವೇರಿಯದ ಗ್ಲಾಸ್ ಕಂಪೆನಿ, ಮೂಲತಃ ಬಿತ್ತನೆಯ ಕೂರಿಗೆಯಂಥ ಬೇಸಾಯದ ಸಾಧನಗಳನ್ನು ಮಾಡುತ್ತಿದ್ದ ಸಂಸ್ಥೆ, ತನ್ನ ೧೦೦೪ ಎಂಬ ಕಾರಿಗೆ ಅದನ್ನು ಹಾಕಿ ಮಾರಿತು. ಮಾರುಕಟ್ಟೆಗೆಂದು ಸಾಲಾಗಿ ತಯಾರಿಸಿದ ಕಾರಿನಲ್ಲಿ ಈ ಬೆಲ್ಟು ಕಾಣಿಸಿಕೊಂಡದ್ದು ಅದೇ ಮೊದಲು. ೧೯೬೬ರಲ್ಲಿ ಅಮೆರಿಕದ ಪಾಂಟಿಯಾಕ್, ಇಟಲಿಯ ಫಿಯೆಟ್ ಎರಡೂ ಅದೇ ಹಾದಿ ಹಿಡಿದವು.

ಬೆಲ್ಟು ಹಗುರ, ಅಗ್ಗ, ಎಣ್ಣೆ ಬೇಡ. ಎಲ್ಲಕ್ಕಿಂತ ಮಿಗಿಲಾಗಿ ಅದು ಸದ್ದು ಮಾಡದು. ಕೊಳ್ಳುವವರಿಗೆ ಬೇಕಾದದ್ದು ಆ ಮೌನ. ಆದರೆ ಆ ಮೌನದಲ್ಲಿಯೇ ತೊಡಕೂ ಇತ್ತು. ಯಂತ್ರದಿಂದ ಸದ್ದನ್ನು ತೆಗೆದಾಗ, ಸದ್ದಿನೊಡನೆ ಬರುತ್ತಿದ್ದ ಎಚ್ಚರಿಕೆಯೂ ಹೋಯಿತು.

ನಮ್ಮ ದೇಶದ ಮಧ್ಯಮ ವರ್ಗದ ಮನೆಗೆ ಈ ಬೆಲ್ಟು ಬಂದದ್ದು ಮಾರುತಿ ೮೦೦ರ ಜತೆಗೆ, ೧೯೮೩ರ ಡಿಸೆಂಬರಿನಲ್ಲಿ. ಅದರ ೭೯೬ ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನಿಗೆ ಇದ್ದದ್ದು ಬೆಲ್ಟು. ಮರುವರ್ಷ ಬಂದ ವ್ಯಾನಿಗೂ, ಎಂದರೆ ಮುಂದೆ ಓಮ್ನಿ ಎಂದು ಕರೆಸಿಕೊಂಡು ೨೦೧೯ರ ವರೆಗೆ ತಯಾರಾದ ಗಾಡಿಗೂ, ಅದೇ ಎಂಜಿನ್ನು. ಓಮ್ನಿ ನಮ್ಮ ಕರಾವಳಿಯಲ್ಲಿ ಏನೇನು ಹೊತ್ತಿಲ್ಲ! ಶಾಲೆಯ ಮಕ್ಕಳು, ದಿಬ್ಬಣ, ಮೀನಿನ ಬುಟ್ಟಿ, ಮಣಿಪಾಲದ ಆಸ್ಪತ್ರೆಗೆ ಹೊರಟ ರೋಗಿ. ೧೯೯೮ರಲ್ಲಿ ಬಂದ ಹ್ಯುಂಡೈ ಸ್ಯಾಂಟ್ರೋಗೂ, ಅದೇ ವರ್ಷದ ಕೊನೆಗೆ ಬಂದು ಟ್ಯಾಕ್ಸಿಯಾಗಿ ಮೆರೆದ ಟಾಟಾ ಇಂಡಿಕಾದ ಡೀಸೆಲ್ಲಿಗೂ ಬೆಲ್ಟೇ. ಹೀಗೆ ಹದಿನೈದು ವರ್ಷಗಳೊಳಗೆ ಸಾವಿರಾರು ಯಜಮಾನರು, ಡ್ರೈವರರು ತಮಗರಿಯದೆಯೇ ಸರಪಣಿಯ ಲೋಕದಿಂದ ಬೆಲ್ಟಿನ ಲೋಕಕ್ಕೆ ಬಂದುಬಿಟ್ಟರು. ಕೈಯಲ್ಲಿ ಹೊಸ ಗಾಡಿ. ಅಭ್ಯಾಸ ಮಾತ್ರ ಹಳೆಯದು. ಸದ್ದು ಬಂದಾಗ ನೋಡೋಣವೆಂದು ಕಾದವರಿಗೆ ಬೆಲ್ಟಿನಿಂದ ಬಂದದ್ದು ಒಂದೇ ಸದ್ದು, ಅದೂ ಕೊನೆಯದು.

ಈ ಮಾತು ಖರ್ಚಿಗೆ ಮಾತ್ರ ಸಂಬಂಧಿಸಿದುದಲ್ಲ. ಮಳೆಗಾಲದ ರಾತ್ರಿ, ಕುಂಭಾಶಿಯಿಂದ ತೆಕ್ಕಟ್ಟೆಯ ಕಡೆಗೆ ಹೆದ್ದಾರಿಯಲ್ಲಿ ಹೋಗುತ್ತಿದ್ದೀರೆಂದು ಊಹಿಸಿ. ಹಿಂದೆ ಲಾರಿ ಬರುತ್ತಿದೆ. ಬೆಲ್ಟು ಹರಿದರೆ ಎಂಜಿನ್ನು ಕೂಡಲೆ ನಿಲ್ಲುತ್ತದೆ. ಎಂಜಿನ್ನಿನ ಬಲದಿಂದ ಹಗುರವಾಗಿದ್ದ ಸ್ಟಿಯರಿಂಗು ಕಲ್ಲಿನಂತೆ ಭಾರವಾಗುತ್ತದೆ. ಬ್ರೇಕಿಗೆ ಸಿಗುತ್ತಿದ್ದ ನೆರವು ಎರಡು ಮೂರು ಸಲ ಒತ್ತಿದೊಡನೆ ಮುಗಿಯುತ್ತದೆ. ಮುಂದೆ ಕಾಲಿನ ಪೂರ್ತಿ ಬಲ ಹಾಕಬೇಕು. ಎಂಜಿನ್ನಿನ ಒಳಗೆ, ತಾಳ ತಪ್ಪಿದ ಒನಕೆಗಳಂತೆ, ಮೇಲೇರುವ ಪಿಸ್ಟನ್ನು ಕೆಳಗಿಳಿದು ನಿಂತ ಕವಾಟಕ್ಕೆ ಬಡಿದು ಅದನ್ನು ಬಾಗಿಸಿರುತ್ತದೆ. ಎಲ್ಲ ಎಂಜಿನ್ನುಗಳಲ್ಲಿಯೂ ಹೀಗಾಗುವುದಿಲ್ಲ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಇವೆರಡರ ನಡುವೆ ಸಾಕಷ್ಟು ಎಡೆ ಇರುತ್ತದೆ. ಅಂಥ ಕಡೆ ಗಾಡಿ ನಿಲ್ಲುವುದಷ್ಟೇ ನಷ್ಟ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಒತ್ತಾಗಿ ಅದುಮಬೇಕಾದುದರಿಂದ ಆ ಎಡೆ ಇಲ್ಲವೆಂದೇ ತಿಳಿಯಬೇಕು.

ಬೆಲ್ಟು ಎಷ್ಟು ದುಡಿಯುತ್ತದೆಂದು ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ ೬೦ ಕಿಲೋಮೀಟರಿನಂತೆ ೬೦,೦೦೦ ಕಿಲೋಮೀಟರು ಓಡಲು ೧,೦೦೦ ಗಂಟೆ ಬೇಕು. ಎಂದರೆ ೬೦,೦೦೦ ನಿಮಿಷ. ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ಸುತ್ತಿದರೆ ಒಟ್ಟು ೧೮ ಕೋಟಿ ಸುತ್ತು. ಅಷ್ಟೂ ಸುತ್ತಿನಲ್ಲಿ ಬೆಲ್ಟು ಗಾಲಿಗಳ ಮೇಲೆ ಬಾಗಿ, ಮತ್ತೆ ನೆಟ್ಟಗಾಗಿ, ಹಲ್ಲಿಗೆ ಹಲ್ಲು ಕೂಡಿಸಿ ನಡೆದಿರುತ್ತದೆ. ಸಂತೆಯ ಬೀದಿಯಲ್ಲಿ ನಿಂತಲ್ಲೇ ಗುರುಗುಟ್ಟುವ ಗಾಡಿಗೆ ಕಿಲೋಮೀಟರು ಏರುವುದಿಲ್ಲ, ಆದರೆ ಸುತ್ತು ಏರುತ್ತದೆ. ಆದುದರಿಂದ ಪೇಟೆಯಲ್ಲೇ ಓಡುವ ಗಾಡಿಯ ಮೀಟರು ನಿಜವಾದ ದುಡಿಮೆಯನ್ನು ಕಡಿಮೆ ತೋರಿಸುತ್ತದೆ.

ಬೆಲ್ಟಿನ ಮೈ ರಬ್ಬರು. ಅದರ ಒಳಗೆ ಗಾಜಿನ ನಾರಿನ ಎಳೆಗಳು. ಮೊದಲಲ್ಲಿ ನಿಯೊಪ್ರೀನ್ ಎಂಬ ಕೃತಕ ರಬ್ಬರನ್ನು ಬಳಸುತ್ತಿದ್ದರು. ೧೯೮೦ರ ದಶಕದಿಂದೀಚೆಗೆ ಕಾವನ್ನು ಹೆಚ್ಚು ತಾಳುವ ಬೇರೆ ಬಗೆಯ ರಬ್ಬರುಗಳು ಬಂದುದರಿಂದ ಆಯುಸ್ಸು ಹೆಚ್ಚಿತು. ಬಲವೆಲ್ಲ ಇರುವುದು ಒಳಗಿನ ಎಳೆಗಳಲ್ಲಿ. ಅವು ದಣಿದುದನ್ನು ಮೇಲಿನ ರಬ್ಬರು ತೋರಿಸಿಕೊಡುವುದಿಲ್ಲ. ಬೆಲ್ಟಿನ ಮೇಲೆ ಬಿರುಕು ಕಂಡರೆ ಅದು ಕೆಟ್ಟಿದೆ ಎನ್ನಬಹುದು. ಬಿರುಕು ಕಾಣದಿದ್ದರೆ ಚೆನ್ನಾಗಿದೆ ಎನ್ನುವಂತಿಲ್ಲ. ಮುಚ್ಚಳ ತೆಗೆದು ನೋಡಿ, ‘ಇನ್ನೂ ಹೊಸದರ ಹಾಗಿದೆ’ ಎಂದು ಮುಚ್ಚಿಬಿಡುವವರು ಈ ಅರ್ಧ ಸತ್ಯದಿಂದಲೇ ಮೋಸಹೋಗುವುದು. ಟೊಯೊಟಾದ ಕೆಲವು ಡೀಸೆಲ್ ಗಾಡಿಗಳಲ್ಲಿ ಬೆಲ್ಟು ಬದಲಿಸುವ ಹೊತ್ತಿಗೆ ಒಂದು ದೀಪ ಉರಿಯುತ್ತದೆ. ಆ ದೀಪಕ್ಕೂ ಬೆಲ್ಟು ಕಾಣಿಸುವುದಿಲ್ಲ. ಅದು ಕಿಲೋಮೀಟರನ್ನು ಎಣಿಸುತ್ತದೆ, ಅಷ್ಟೆ.

ಇಲ್ಲಿ ನಮ್ಮ ಕಡೆಗೇ ವಿಶೇಷವಾದ ಒಂದು ಅಪಾಯವನ್ನು ಹೇಳಬೇಕು. ಕುಂದಾಪುರದ ಸುತ್ತಿನ ಎಷ್ಟೋ ಮನೆಗಳ ದುಡಿಯುವ ಕೈ ಊರಲ್ಲಿಲ್ಲ. ಬೆಂಗಳೂರಿನ, ಮುಂಬಯಿಯ ಹೋಟೆಲುಗಳಲ್ಲಿ, ಕೊಲ್ಲಿಯ ದೇಶಗಳಲ್ಲಿ ಇದೆ. ಊರಿನ ಮನೆಯಲ್ಲಿ ವೃದ್ಧ ತಂದೆತಾಯಿ. ಅಂಗಳದ ಕೊಟ್ಟಿಗೆಯಲ್ಲಿ ಬಟ್ಟೆ ಹೊದ್ದ ಕಾರು. ಮಗ ರಜೆಗೆ ಬಂದಾಗ ಕೊಲ್ಲೂರಿಗೆ, ಆನೆಗುಡ್ಡೆಗೆ, ನೆಂಟರ ಮನೆಗೆ ಅದು ಓಡುತ್ತದೆ. ಉಳಿದ ಹತ್ತು ತಿಂಗಳು ನಿಂತಿರುತ್ತದೆ. ಎಂಟು ವರ್ಷಕ್ಕೆ ೨೦,೦೦೦ ಕಿಲೋಮೀಟರು ಓಡಿದ ಇಂಥ ಗಾಡಿಯ ಯಜಮಾನ, ಬೆಲ್ಟಿಗೆ ಇನ್ನೂ ಬಹಳ ದೂರವಿದೆ ಎಂದುಕೊಳ್ಳುತ್ತಾನೆ. ಆದರೆ ರಬ್ಬರಿಗೆ ವಯಸ್ಸಾಗುವುದು ಓಟದಿಂದ ಮಾತ್ರವಲ್ಲ. ಕಾವಿನಿಂದ, ಗಾಳಿಯಿಂದ, ವರ್ಷ ಕಳೆಯುವುದರಿಂದಲೂ ಆಗುತ್ತದೆ. ನಿಂತ ಗಾಡಿಯಲ್ಲಿ ಬೆಲ್ಟು ಗಾಲಿಗಳ ಮೇಲೆ ಒಂದೇ ಕಡೆ ಬಾಗಿ ತಿಂಗಳುಗಟ್ಟಲೆ ಇರುತ್ತದೆ. ಬಿಗಿಹಿಡಿಯುವ ಗಾಲಿಯ ಬೇರಿಂಗಿಗೆ ನಮ್ಮ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಯ ತೇವ ಯಾವುದೂ ಹಿತವಲ್ಲ. ೨೦೨೦ರಲ್ಲಿ ಕೊರೋನಾ ಸೋಂಕಿನಿಂದ ಊರೆಲ್ಲ ಬೀಗ ಹಾಕಿದಂತಾದಾಗ ಹೀಗೆ ನಿಂತ ಗಾಡಿಗಳು ಇನ್ನೂ ಹೆಚ್ಚಿದವು. ಅಷ್ಟಬಂಧವನ್ನು ಹಾಕುವವರು ಎಷ್ಟು ಜನ ದರ್ಶನಕ್ಕೆ ಬಂದರೆಂದು ಎಣಿಸುವುದಿಲ್ಲ, ವರ್ಷವನ್ನು ಎಣಿಸುತ್ತಾರೆ. ನಿಂತ ಕಾರಿಗೂ ಅದೇ ಲೆಕ್ಕ.

ಹಾಗೆಂದು ಎಲ್ಲವನ್ನೂ ದಿನ ನೋಡಿ ಬದಲಿಸುತ್ತ ಹೋಗಬೇಕೆಂದಲ್ಲ. ಅದೂ ಒಂದು ಬಗೆಯ ಮೂಢತನ. ವಿಮಾನಗಳ ವಿಷಯದಲ್ಲಿ ಇದನ್ನು ಬಹಳ ಶ್ರದ್ಧೆಯಿಂದ ಅಧ್ಯಯನ ಮಾಡಿದವರು ಅಮೆರಿಕದ ಯುನೈಟೆಡ್ ವಿಮಾನ ಸಂಸ್ಥೆಯ ನೋಲನ್ ಮತ್ತು ಹೀಪ್ ಎಂಬಿಬ್ಬರು. ಅವರ ವರದಿ ೧೯೭೮ರಲ್ಲಿ ಬಂದಿತು. ಅದುವರೆಗೆ ವಿಮಾನದ ಪ್ರತಿಯೊಂದು ಭಾಗಕ್ಕೂ ಒಂದು ಆಯುಸ್ಸು ಇರುತ್ತದೆ, ಅದು ಮುಗಿಯುವ ಮುನ್ನ ಬಿಚ್ಚಿ ಹೊಸದು ಹಾಕುವುದೇ ಕ್ಷೇಮ ಎಂಬ ನಂಬಿಕೆಯಿತ್ತು. ಲೆಕ್ಕ ಹಾಕಿ ನೋಡಿದರೆ ಬಹುಪಾಲು ಭಾಗಗಳು ವಯಸ್ಸಾದುದರಿಂದ ಕೆಡುತ್ತಲೇ ಇರಲಿಲ್ಲ. ಸುಮ್ಮನಿದ್ದುದನ್ನು ಬಿಚ್ಚಿ ಜೋಡಿಸುವುದರಿಂದಲೇ ಕೆಲವು ಕೆಡುತ್ತಿದ್ದವು. ಆದುದರಿಂದ ಪ್ರತಿಯೊಂದು ಭಾಗವನ್ನೂ ಬೇರೆ ಬೇರೆಯಾಗಿ ಪ್ರಶ್ನಿಸಬೇಕೆಂದು ಅವರು ತೋರಿಸಿಕೊಟ್ಟರು.

ಆ ಪ್ರಶ್ನೆಗಳನ್ನು ನಮ್ಮ ಮನೆಯ ಮಾತಿನಲ್ಲಿ ಹೀಗೆ ಹೇಳಬಹುದು. ಕೆಡುವ ಮುನ್ನ ಇದು ಎಚ್ಚರಿಕೆ ಕೊಡುತ್ತದೆಯೇ? ವಯಸ್ಸಾದಂತೆ ಇದು ನಿಜವಾಗಿ ದುರ್ಬಲವಾಗುತ್ತದೆಯೇ? ಕೆಟ್ಟರೆ ಆಗುವ ನಷ್ಟ ಎಷ್ಟು? ಒಳಗಿನ ದೀಪದ ಬಲ್ಬು ಎಚ್ಚರಿಕೆ ಕೊಡದೆ ಹೋಗುತ್ತದೆ. ಆದರೆ ನಷ್ಟ ಅಲ್ಪ. ಹೋದ ಮೇಲೆ ಹಾಕಿದರೆ ಸಾಕು. ಟಯರು ಸವೆಯುತ್ತದೆ, ಕೆಟ್ಟರೆ ಅಪಾಯವೂ ಹೌದು. ಆದರೆ ಅದರ ಗೆರೆ ಕಣ್ಣಿಗೆ ಕಾಣುತ್ತದೆ, ನೋಡಿ ಬದಲಿಸಬಹುದು. ಟೈಮಿಂಗ್ ಬೆಲ್ಟು ಎಚ್ಚರಿಕೆ ಕೊಡದು. ವಯಸ್ಸಾದಂತೆ ಬಲಗುಂದುವುದು ನಿಶ್ಚಯ. ಕೆಟ್ಟರೆ ಎಂಜಿನ್ನಿಗೇ, ಒಮ್ಮೊಮ್ಮೆ ಜೀವಕ್ಕೇ ಸಂಚಕಾರ. ಈ ಮೂರೂ ಕೂಡಿದ ಕಡೆ ಮಾತ್ರ ಚೆನ್ನಾಗಿ ಕಾಣುವ ವಸ್ತುವನ್ನು ಎಸೆಯುವುದು ದುಂದುಗಾರಿಕೆಯಲ್ಲ.

ಈಗ ನಿಮ್ಮ ಗಾಡಿಯ ವಿಷಯಕ್ಕೆ ಬನ್ನಿ. ಮೊದಲು ತಿಳಿಯಬೇಕಾದುದು ಅದರಲ್ಲಿರುವುದು ಬೆಲ್ಟೋ ಸರಪಣಿಯೋ ಎಂಬುದು. ಕಾರಿನ ಹೆಸರಿನಿಂದ ಇದನ್ನು ಊಹಿಸಬೇಡಿ. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲಿಗೊಂದು, ಡೀಸೆಲ್ಲಿಗೊಂದು, ಹಳೆಯದಕ್ಕೊಂದು, ಹೊಸದಕ್ಕೊಂದು ಇರಬಹುದು. ಉದಾಹರಣೆಗೆ, ಬೆಲ್ಟಿನಿಂದ ಆರಂಭಿಸಿದ ಮಾರುತಿಯೇ ೨೦೦೮ರಿಂದ ತಂದ ಕೆ-ಸರಣಿಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಮತ್ತೆ ಸರಪಣಿಗೆ ಮರಳಿತು. ಸರಪಣಿಯಿದ್ದವರು ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸಿ, ಕಿವಿ ತೆರೆದಿಟ್ಟುಕೊಂಡಿರಬೇಕು. ಅದೂ ಅಜರಾಮರವಲ್ಲ.

ಬೆಲ್ಟಿದ್ದರೆ ಕಾರಿನ ಜತೆ ಬಂದ ಕೈಪಿಡಿಯನ್ನು ತೆರೆಯಿರಿ. ಎಂಜಿನ್ನಿಗೆ ತಕ್ಕಂತೆ ಅವಧಿ ಬೇರೆಯಾಗುತ್ತದೆ. ಕೆಲವಕ್ಕೆ ೬೦,೦೦೦ ಕಿಲೋಮೀಟರು, ಕೆಲವಕ್ಕೆ ಒಂದು ಲಕ್ಷ ಅಥವಾ ಅದಕ್ಕೂ ಮೇಲೆ. ಕಿಲೋಮೀಟರಿನ ಜತೆಗೆ ವರ್ಷವನ್ನೂ ಹೇಳಿದ್ದರೆ, ಯಾವುದು ಮೊದಲು ಬರುತ್ತದೋ ಅದನ್ನೇ ಹಿಡಿಯಬೇಕು. ನೆರೆಯವರ ಗಾಡಿಯ ಬೆಲ್ಟು ಒಂದೂವರೆ ಲಕ್ಷ ಓಡಿತೆಂಬುದು ನಿಮ್ಮ ಬೆಲ್ಟಿಗೆ ಪ್ರಮಾಣಪತ್ರವಲ್ಲ. ಎಂಜಿನ್ನಿನ ಎಣ್ಣೆಯಾಗಲಿ ತಂಪುನೀರಾಗಲಿ ಸೋರಿ ಬೆಲ್ಟಿಗೆ ತಗುಲಿದ್ದರೆ ಅವಧಿಯ ಮಾತೇ ಇಲ್ಲ. ಸೋರುವುದನ್ನು ನಿಲ್ಲಿಸಿ ಕೂಡಲೆ ಬದಲಿಸತಕ್ಕದ್ದು. ಇತ್ತೀಚೆಗೆ ಕೆಲವು ಎಂಜಿನ್ನುಗಳಲ್ಲಿ ಎಣ್ಣೆಯೊಳಗೇ ಓಡುವ ಬೇರೊಂದು ಬಗೆಯ ಬೆಲ್ಟು ಬಂದಿದೆ. ಅದಕ್ಕೆ ಕಂಪೆನಿ ಹೇಳಿದ ಎಣ್ಣೆಯನ್ನಲ್ಲದೆ ಬ್ಯಾರೆ ಎಣ್ಣೆ ಹಾಕಿದರೆ ರಬ್ಬರು ಕರಗಿ ಉದುರಬಹುದು.

ಸೆಕೆಂಡ್‌ಹ್ಯಾಂಡು ಗಾಡಿ ಕೊಳ್ಳುವವರು ಇನ್ನೂ ಒಂದು ಮಾತನ್ನು ನೆನಪಿಡಬೇಕು. ಬೆಲ್ಟನ್ನು ಹಾಕಿಸಿದ ರಸೀತಿಯಿಲ್ಲದಿದ್ದರೆ, ಅದನ್ನು ಬದಲಿಸಿಲ್ಲವೆಂದೇ ತಿಳಿದು, ಆ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಕೊಳ್ಳುವುದು ಕ್ಷೇಮ. ಬದಲಿಸುವಾಗ ಬೆಲ್ಟನ್ನು ಬಿಗಿಹಿಡಿಯುವ ಗಾಲಿಗಳನ್ನೂ, ಅದೇ ಬೆಲ್ಟಿನಿಂದ ತಿರುಗುವ ನೀರಿನ ಪಂಪನ್ನೂ ಒಟ್ಟಿಗೆ ಬದಲಿಸುವುದು ಲಾಭಕರ. ಇವುಗಳಿಗಾಗಿ ಮತ್ತೊಮ್ಮೆ ಬಿಚ್ಚಿಸುವ ಕೂಲಿಯೇ ವಸ್ತುವಿನ ಬೆಲೆಯನ್ನು ಮೀರೀತು. ಹಳೆಯ ಗಾಲಿಯ ಬೇರಿಂಗು ಹಿಡಿದುಕೊಂಡು ಹೊಸ ಬೆಲ್ಟು ಹರಿದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿಟ್ಟ ಹೋಮ. ಹೊಸ ಬೆಲ್ಟನ್ನು ಮಡಿಸಿ, ತಿರುಚಿ ಚೀಲಕ್ಕೆ ತುರುಕಬಾರದೆಂದೂ ಮೆಕ್ಯಾನಿಕನಿಗೆ ಹೇಳಿ. ಒಳಗಿನ ಗಾಜಿನ ಎಳೆಗಳು ಅಲ್ಲಿಯೇ ಮುರಿಯುತ್ತವೆ.

ಕಡೆಯದಾಗಿ, ಬದಲಿಸಿದ ದಿನವನ್ನೂ ಅಂದಿನ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ. ನೆನಪು ನಂಬುವ ವಸ್ತುವಲ್ಲ. ಗಾಡಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗಲಂತೂ ಚೀಟಿಯೊಂದೇ ಸಾಕ್ಷಿ. ವರ್ಷಕ್ಕೊಮ್ಮೆ ಆ ಚೀಟಿಯನ್ನು ಓದಲು ಮರೆಯದ ದಿನವೊಂದು ಬೇಕೆಂದರೆ ನವರಾತ್ರಿಯ ಆಯುಧಪೂಜೆ ಇದ್ದೇ ಇದೆ. ಅಂದು ಹೇಗೂ ಗಾಡಿ ತೊಳೆದು, ಬಾನೆಟ್ಟು ಎತ್ತಿ, ಎಂಜಿನ್ನಿಗೂ ಕುಂಕುಮ ಹಚ್ಚುತ್ತೀರಿ. ಹಚ್ಚುವ ಮುನ್ನ ಚೀಟಿಯ ಮೇಲಿನ ಇಸವಿಯನ್ನು ಓದಿ, ಈಗಿನ ಇಸವಿಯಿಂದ ಅದನ್ನು ಕಳೆದು ನೋಡಿ.